ಮಳೆಯ ಲೆಕ್ಕಕ್ಕೆ ಯಾರು ಹೊಣೆ? ವರುಣಮಿತ್ರದ ಬಗ್ಗೆ ಒಬ್ಬ ಅಡಿಕೆ ಬೆಳೆಗಾರ್ತಿಯ ಅನಿಸಿಕೆ

ರೈತರಿಗೆ ದುಡ್ಡಿಲ್ಲದೆ, ಮಧ್ಯವರ್ತಿಗಳಿಲ್ಲದೆ, ಕನ್ನಡದಲ್ಲಿ, ಕೇಳಿದ ಹೊತ್ತಿಗೆ ಸಿಗುವ ಸರ್ಕಾರಿ ಸೇವೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಮಳೆಯ ಮುನ್ಸೂಚನೆ ಹೇಳುವ ವರುಣಮಿತ್ರ ಸಹಾಯವಾಣಿಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಹಲವು ಮಳೆಗಾಲಗಳಿಂದ ಅದಕ್ಕೆ ಫೋನ್ ಮಾಡುತ್ತಿದ್ದೇನೆ. ಅದರ ಹಿಂದಿರುವ ಕೇಂದ್ರ ಹೊರಡಿಸುವ ಮಳೆ ವರದಿಯನ್ನು ಬೆಳಗಿನ ಕಾಫಿಯ ಜೊತೆಗೆ ಮೊಬೈಲಿನಲ್ಲಿ ನೋಡುತ್ತೇನೆ. ಇಷ್ಟು ಉಪಕಾರವಾದ ಸೇವೆಯ ಬಗ್ಗೆ ಒಳ್ಳೆಯ ಮಾತು ಬರೆಯುವುದು ನನ್ನ ಕರ್ತವ್ಯ. ಅದರ ಜೊತೆಗೆ ಅದರ ಬುಡದಲ್ಲಿ ಸಡಿಲವಾಗಿರುವ ಒಂದು ಕೊಂಡಿಯ ಬಗ್ಗೆಯೂ ಬರೆಯಬೇಕಾಗಿದೆ. ಏಕೆಂದರೆ ಇಂದು ಆ ಮಳೆ ಅಂಕಿಯ ಮೇಲೆ ನಮ್ಮ ಬೆಳೆ ವಿಮೆ ನಿಂತಿದೆ, ತಾಲ್ಲೂಕಿಗೆ ಬರ ಇದೆಯೋ ಇಲ್ಲವೋ ಎಂಬ ತೀರ್ಮಾನವೂ ನಿಂತಿದೆ.

ನಮ್ಮದು ಕೊಪ್ಪ ತಾಲ್ಲೂಕು, ಹರಿಹರಪುರದ ಕಡೆ. ತಗ್ಗಿನಲ್ಲಿ ಅಡಿಕೆ, ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು, ಮೇಲಿನ ದಿಬ್ಬದಲ್ಲಿ ಒಂದಿಷ್ಟು ಕಾಫಿ. ಊರಿನ ಸಹಕಾರ ಸಂಘದಲ್ಲಿ ನಿರ್ದೇಶಕಿಯಾಗಿದ್ದೇನೆ. ಆದ್ದರಿಂದ ವಿಮೆ ಕಂತು ಕಟ್ಟುವ ದಿನಗಳಲ್ಲಿ ನೂರೆಂಟು ಜನರ ಪಹಣಿ, ಆಧಾರ್, ಪಾಸ್‌ಬುಕ್‌ಗಳ ನಡುವೆ ಕೂರುವ ಕೆಲಸವೂ ನನ್ನದೇ. ಹಣ ಬಂದಾಗ ಯಾರೂ ಲೆಕ್ಕ ಕೇಳುವುದಿಲ್ಲ, ಬಾರದಿದ್ದಾಗ ನೇರವಾಗಿ ನಮ್ಮ ಮನೆಯ ಜಗಲಿಗೆ ಬರುತ್ತಾರೆ.

ಮೊದಲು ಸೇವೆಯ ಪರಿಚಯ. ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ಎಂಬತ್ತರ ದಶಕದ ಸಾಲು ಬರಗಾಲಗಳ ಬೆನ್ನಿಗೆ, 1988ರಲ್ಲಿ, ಬರ ಉಸ್ತುವಾರಿ ಕೋಶವಾಗಿ ಶುರುವಾದದ್ದು. ದೇಶದಲ್ಲಿ ಅಂಥ ಕೋಶ ಅದೇ ಮೊದಲು. 2007ರಲ್ಲಿ ಈಗಿನ ಹೆಸರು ಬಂತು, ಬರದ ಜೊತೆಗೆ ನೆರೆ, ಸಿಡಿಲು, ಭೂಕಂಪಗಳೂ ಅದರ ಪಾಲಿಗೆ ಬಂದವು. ಆ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ತಾನಾಗಿ ಅಳೆದು ತಾನಾಗಿ ಕಳುಹಿಸುವ ಮಳೆ ಮಾಪಕಗಳನ್ನು ನಿಲ್ಲಿಸಿದೆ. ರಾಜ್ಯದಲ್ಲಿ ಅಂಥವು ಆರು ಸಾವಿರಕ್ಕೂ ಹೆಚ್ಚು ಇವೆ. ಹೋಬಳಿ ಮಟ್ಟದಲ್ಲಿ ಗಾಳಿ, ತೇವಾಂಶ, ಉಷ್ಣಾಂಶವನ್ನೂ ಅಳೆಯುವ ಹವಾಮಾನ ಕೇಂದ್ರಗಳಿವೆ. ಸೌರ ಫಲಕದಿಂದ ವಿದ್ಯುತ್, ಮೊಬೈಲ್ ಜಾಲದ ಮೂಲಕ ರವಾನೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಯಲಹಂಕ ಸೇರುತ್ತದೆ. ಆ ಅಂಕಿಗಳನ್ನು ಮತ್ತು ಮುನ್ಸೂಚನೆಯನ್ನು ಮುಂದಿಟ್ಟುಕೊಂಡು ಕುಳಿತಿರುವವರೇ ನಮ್ಮ ಕರೆ ತೆಗೆದುಕೊಳ್ಳುವ ವರುಣಮಿತ್ರದವರು.

ಇದರ ಬೆಲೆ ಗೊತ್ತಾಗಬೇಕಾದರೆ ಆಷಾಢದಲ್ಲಿ ಅಡಿಕೆ ತೋಟದಲ್ಲಿ ನಿಲ್ಲಬೇಕು. ಬಿಡದ ಮಳೆಯಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಮೊದಲನೆಯದು ಹೇಗೋ ಆಗುತ್ತದೆ. ಎರಡನೆಯದು ಬರುವುದು ಪುನರ್ವಸು, ಪುಷ್ಯ ಮಳೆಗಳ ನಡುಮಧ್ಯದಲ್ಲಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಒಮ್ಮೆ ಕಲಸಿದರೆ ಅಂದೇ ಹೊಡೆದು ಮುಗಿಸಬೇಕು, ನಾಳೆಗೆ ಇಡುವಂತಿಲ್ಲ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಸಿಗುವುದೇ ದುರ್ಲಭ. ಸಿಕ್ಕ ದಿನ ಅವರ ಕೂಲಿ, ಪಂಪಿನ ಬಾಡಿಗೆ, ಔಷಧಿಯ ಖರ್ಚು ಎಲ್ಲ ಸೇರಿ ಕೈಬಿಟ್ಟು ಹೋಗುವ ಹಣ ಕಡಿಮೆಯಲ್ಲ. ಗೊನೆಯ ಮೇಲೆ ದ್ರಾವಣ ಒಣಗಿ ಅಂಟಿಕೊಳ್ಳುವ ಮೊದಲೇ ಜೋರು ಮಳೆ ಬಿದ್ದರೆ ಅಷ್ಟೂ ನೆಲಕ್ಕೆ. ಹೊಡೆಯದೆ ಕಾದರೆ ಉದುರಿದ ಕಾಯಿ ಬುಟ್ಟಿ ತುಂಬುತ್ತದೆ.

ಹಿಂದಿನ ದಿನ ಸಂಜೆ ಫೋನ್ ಮಾಡುತ್ತೇನೆ. "ಹೋಬಳಿ ಯಾವುದು ಮೇಡಂ?" ಎಂದು ಕೇಳುತ್ತಾರೆ. ಹೇಳಿದ ಮೇಲೆ ಸ್ವಲ್ಪ ಹೊತ್ತು ತಡೆದು, ನಾಳೆ ಎಷ್ಟು ಹೊತ್ತಿನವರೆಗೆ ಹಗುರ ಮಳೆ, ಯಾವಾಗಿನಿಂದ ಜೋರಾಗುವ ಸಂಭವ, ನಾಡಿದ್ದು ಹೇಗೆ ಎಂಬುದನ್ನು ಬಿಡಿಸಿ ಹೇಳುತ್ತಾರೆ. "ಔಷಧಿ ಹೊಡೆಯಬೇಕಿತ್ತು" ಎಂದರೆ ಆ ಕಡೆಯವರಿಗೆ ಅರ್ಥವಾಗುತ್ತದೆ, ಎರಡನೆಯ ವಿವರಣೆ ಬೇಕಾಗುವುದಿಲ್ಲ. ಅವರು ಹೇಳಿದ್ದು ಪ್ರತಿಸಲ ಅಕ್ಷರಶಃ ನಡೆಯುತ್ತದೆ ಎಂದಲ್ಲ. ಪಶ್ಚಿಮಘಟ್ಟದ ಮಗ್ಗುಲಲ್ಲಿ ಮಳೆಯನ್ನು ಗಂಟೆಯ ಲೆಕ್ಕದಲ್ಲಿ ಹೇಳಲು ಯಾರಿಂದಲೂ ಆಗದು. ಆದರೆ ಯಾವ ದಿನ ಕೊನೆಗಾರರನ್ನು ಕರೆಯಬಾರದು ಎಂಬುದನ್ನು ತಿಳಿದುಕೊಂಡು ಉಳಿಸಿದ ಹಣಕ್ಕೆ ನಾನು ಋಣಿ.

ವರದಿ ಓದುವವರು ಒಂದು ವಿಷಯ ನೆನಪಿನಲ್ಲಿಡಬೇಕು. ಮಳೆಯ ದಿನ ಎಂದರೆ ಬೆಳಗ್ಗೆ ಎಂಟೂವರೆಯಿಂದ ಮರುದಿನ ಬೆಳಗ್ಗೆ ಎಂಟೂವರೆ. ನಮ್ಮ ಮಾವನವರು ಬೆಳಗ್ಗೆ ಎದ್ದ ಕೂಡಲೇ ಅಂಗಳದ ಮಾಪಕ ನೋಡಿ, ಕಾಫಿ ಸೀಮೆಯ ರೂಢಿಯಂತೆ ಇಂಚು ಮತ್ತು ಸೆಂಟಿನಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಡೈರಿಗೆ ಬರೆಯುತ್ತಿದ್ದರು. ಅವರ ಒಂದು ಇಂಚು ನಲವತ್ತು ಸೆಂಟು ಎಂದರೆ ವರದಿಯ ಭಾಷೆಯಲ್ಲಿ ಸುಮಾರು 35.6 ಮಿಲಿಮೀಟರ್. ಹೊತ್ತು ಬೇರೆಯಾದರೆ ಅದೇ ಮಳೆ ಎರಡು ಬೇರೆ ದಿನಗಳ ಖಾತೆಗೆ ಹೋಗುತ್ತದೆ. ಮನೆಯ ಅಂಕಿಗೂ ಕೇಂದ್ರದ ಅಂಕಿಗೂ ತಾಳೆಯಾಗಲಿಲ್ಲ ಎಂದು ಜಗಳಕ್ಕೆ ಹೊರಡುವವರು ಮೊದಲು ಗಡಿಯಾರ ನೋಡಿಕೊಳ್ಳಲಿ.

ಪಂಚಾಯಿತಿಗೊಂದು ಮಾಪಕ ಏಕೆ ಬೇಕು ಎಂದು ಬಯಲುಸೀಮೆಯ ನೆಂಟರು ಕೇಳುವುದುಂಟು. ನಮ್ಮ ಜಿಲ್ಲೆಯನ್ನೇ ನೋಡಿ. ಶೃಂಗೇರಿಯಲ್ಲಿ ವರ್ಷದ ಮಳೆ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ, ಅದೇ ಚಿಕ್ಕಮಗಳೂರು ಜಿಲ್ಲೆಯ ಕಡೂರಿನಲ್ಲಿ ಆರುನೂರರ ಆಸುಪಾಸು. ಇವೆರಡನ್ನೂ ಕೂಡಿಸಿ ಭಾಗಿಸಿದ ಜಿಲ್ಲಾ ಸರಾಸರಿಯಿಂದ ಶೃಂಗೇರಿಯವರಿಗೂ ಪ್ರಯೋಜನವಿಲ್ಲ, ಕಡೂರಿನವರಿಗೂ ಇಲ್ಲ. ನಮ್ಮಲ್ಲಿ ಒಂದು ಗುಡ್ಡ ದಾಟಿದರೆ ಮಳೆ ಬೇರೆ. ಗುಡ್ಡದ ಈಚೆ ಕೊಡೆ ಮಡಚಿದವರು ಆಚೆ ಬಿಚ್ಚಬೇಕಾಗುತ್ತದೆ.

ಈಗ ಹೊಣೆಯ ವಿಚಾರ. ಮಳೆಯನ್ನು ಅಳೆಯುವವರು ನಾಡಿನಲ್ಲಿ ಬಹಳ ಜನರಿದ್ದಾರೆ. 1875ರಲ್ಲಿ ಹುಟ್ಟಿದ ಭಾರತೀಯ ಹವಾಮಾನ ಇಲಾಖೆ ಇದೆ, ಕಂದಾಯದವರು, ಅಂಕಿಅಂಶದವರು, ನೀರಾವರಿಯವರು, ಅಣೆಕಟ್ಟಿನವರು ಇದ್ದಾರೆ, ಕಾಫಿ ಎಸ್ಟೇಟುಗಳಂತೂ ತಲೆಮಾರುಗಳಿಂದ ಅಳೆಯುತ್ತಿವೆ. ಅಳೆಯುವವರಿಗೆ ಕೊರತೆಯಿಲ್ಲ, ಕೊರತೆಯಿದ್ದದ್ದು "ಈ ಅಂಕಿ ನಮ್ಮದು, ಇದಕ್ಕೆ ಉತ್ತರ ಕೊಡುವವರು ನಾವು" ಎಂದು ಹೇಳುವವರಿಗೆ. ಯಲಹಂಕದ ಕೇಂದ್ರ ಮಾಡಿದ ದೊಡ್ಡ ಕೆಲಸವೆಂದರೆ, ಪಂಚಾಯಿತಿ ಮಟ್ಟದ ಮಳೆಯ ಅಂಕಿಗೆ ತಾನು ವಾರಸುದಾರನಾಗಿ ನಿಂತದ್ದು. ಕೃಷಿ ಇಲಾಖೆಗೂ ಕಂದಾಯ ಇಲಾಖೆಗೂ ವಿಮಾ ಕಂಪನಿಗೂ ಒಂದೇ ಕಡೆಯಿಂದ ಅಂಕಿ ಹೋಗುತ್ತದೆ. ನಮ್ಮಂಥವರಿಗೂ ಅದೇ ಅಂಕಿ ಫೋನಿನಲ್ಲಿ ಸಿಗುತ್ತದೆ. ಇದು ಸಣ್ಣ ಮಾತಲ್ಲ.

ಹೊಣೆ ಒಂದೆಡೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. ಗಡಿಯ ಬಿಳಿಗುಂಡ್ಲುವಿನಲ್ಲಿ ನದಿಯ ಹರಿವನ್ನು ಅಳೆಯುವುದು ಕರ್ನಾಟಕವೂ ಅಲ್ಲ, ತಮಿಳುನಾಡೂ ಅಲ್ಲ, ಕೇಂದ್ರ ಜಲ ಆಯೋಗ. 2018ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪು ವರ್ಷಕ್ಕೆ 177.25 ಟಿಎಂಸಿ ಎಂದು ನಿಗದಿ ಮಾಡಿದ್ದನ್ನು ಎಣಿಸುವುದು ಅಲ್ಲಿಯೇ. ಅದೇ ವರ್ಷ ಜೂನ್‌ನಲ್ಲಿ ಬಂದ ವ್ಯವಸ್ಥೆಯಂತೆ ಕಾವೇರಿ ನೀರು ನಿಯಂತ್ರಣ ಸಮಿತಿ ಹಾರಂಗಿ, ಹೇಮಾವತಿ, ಕೃಷ್ಣರಾಜಸಾಗರ, ಕಬಿನಿ, ಮೆಟ್ಟೂರು ಮುಂತಾದ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವುಗಳ ದಿನದ ಲೆಕ್ಕ ತರಿಸಿಕೊಳ್ಳುತ್ತದೆ. ನೀರು ಎಷ್ಟು ಬಿಡಬೇಕು ಎಂಬ ಜಗಳ ಇನ್ನೂ ಇದೆ, ಮುಂದೆಯೂ ಇರುತ್ತದೆ. ಆದರೆ ಎಷ್ಟು ಹರಿಯಿತು ಎಂಬುದಕ್ಕೆ ಎರಡೂ ಕಡೆಯವರು ಒಂದೇ ಜಾಗದತ್ತ ನೋಡುತ್ತಾರೆ. ಅಂಕಿಯನ್ನು ಹಿಡಿದವರು ಯಾರೆಂದು ಬರವಣಿಗೆಯಲ್ಲಿ ಇದ್ದುದರಿಂದ ಅಷ್ಟಾದರೂ ಸಾಧ್ಯವಾಯಿತು.

ಬರದ ವಿಷಯವೂ ಹಾಗೆಯೇ. 2023ರ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಆ ವರ್ಷ ನಮ್ಮ ರಾಜ್ಯ ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು, ಆಮೇಲೆ ಆ ಪಟ್ಟಿ 223ಕ್ಕೆ ಮುಟ್ಟಿತು. ಕೇಂದ್ರ ಸರ್ಕಾರದ ಬರ ಕೈಪಿಡಿಯ ಪ್ರಕಾರ ಮಳೆ ಎಷ್ಟು ಕಡಿಮೆಯಾಯಿತು, ಎಷ್ಟು ವಾರ ಒಣಗಿತು ಎಂಬುದರಿಂದಲೇ ತಾಲ್ಲೂಕಿನ ಹಣೆಬರಹ ಶುರುವಾಗುತ್ತದೆ. ಪರಿಹಾರಕ್ಕಾಗಿ ರಾಜ್ಯ 2024ರಲ್ಲಿ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ಅಂಥ ಜಾಗದಲ್ಲಿ ನಿಂತು ಮಾತನಾಡಲು ಕೈಯಲ್ಲಿ ಗಟ್ಟಿ ಅಂಕಿ ಇರಬೇಕು.

ಇಷ್ಟೆಲ್ಲ ಮೆಚ್ಚಿದ ಮೇಲೆ ಮಾಪಕದ ಬುಡಕ್ಕೆ ಬರುತ್ತೇನೆ.

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ ಮತ್ತು ಕಾಳುಮೆಣಸಿಗೆ ವಿಮಾ ಮೊತ್ತದ ಶೇಕಡ 5ರಷ್ಟು ಕಂತು ರೈತರದು. ಯಾರೂ ತೋಟಕ್ಕೆ ಬಂದು ಕೊಳೆ ಬಿದ್ದ ಗೊನೆ ಎಣಿಸುವುದಿಲ್ಲ. ಪಂಚಾಯಿತಿಯ ಮಾಪಕ ಏನು ಹೇಳಿತೋ ಅದೇ ಸಾಕ್ಷಿ. ಅದು ಕೆಟ್ಟಿದ್ದರೆ ಬದಲಿ ಮಾಪಕ ಎಂದು ಮೊದಲೇ ಗುರುತಿಸಿದ ಇನ್ನೊಂದರ ಅಂಕಿ ತೆಗೆದುಕೊಳ್ಳುತ್ತಾರೆ. ಗುಡ್ಡದ ಆಚೆಯ ಮಳೆಗೆ ಈಚೆಯವರ ಹಣೆಬರಹ ಕಟ್ಟಿಹಾಕಿದಂತೆ. ಕರಾವಳಿ ಮತ್ತು ಮಲೆನಾಡಿನ ಅಡಿಕೆ ಬೆಳೆಗಾರರು ಮಾಪಕಗಳ ಸ್ಥಿತಿಯ ಬಗ್ಗೆ ದನಿ ಎತ್ತಿದ್ದು ಪತ್ರಿಕೆಗಳಲ್ಲಿ ಬಂದಿದೆ. ಅದು ಸುಮ್ಮನೆ ಎತ್ತಿದ ದನಿಯಲ್ಲ.

ನಮ್ಮ ಸಂಘದ ವ್ಯಾಪ್ತಿಯ ಒಂದು ಪಂಚಾಯಿತಿಯಲ್ಲಿ ನಾನೇ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ಊರಿನ ಹೆಸರು ಬೇಡ. ಒಂದು ಮಳೆಗಾಲದಲ್ಲಿ ಆ ಊರಿನ ಲೆಕ್ಕ ಸುತ್ತಲಿನ ಊರುಗಳಿಗಿಂತ ಬಹಳ ತಗ್ಗಿತ್ತು. ಸಂಘದ ಕಾರ್ಯದರ್ಶಿ, ನಾನು, ಒಂದಿಬ್ಬರು ಬೆಳೆಗಾರರು ಸೇರಿ ನೋಡಲು ಹೋದೆವು. ಮಾಪಕ ಕಚೇರಿಯ ಹಿತ್ತಲಿನಲ್ಲಿತ್ತು. ನಿಲ್ಲಿಸಿದಾಗ ಎಳೆಯದಾಗಿದ್ದ ಸಿಲ್ವರ್ ಓಕ್ ಈಗ ಕಟ್ಟಡವನ್ನು ಮೀರಿ ಬೆಳೆದು ಒಂದು ಕೊಂಬೆಯನ್ನು ನೇರವಾಗಿ ಅದರ ಮೇಲೆ ಚಾಚಿತ್ತು. ಸೌರ ಫಲಕದ ಮೇಲೆ ಪಾಚಿ. ಆಲಿಕೆಯ ಬಾಯಲ್ಲಿ ಕೊಳೆತ ಎಲೆಗಳ ಮುದ್ದೆ, ಅದರ ಮೇಲೆ ನಿಂತ ನೀರು. ಈ ಯಂತ್ರದ ಒಳಗೆ ಒಂದು ಪುಟ್ಟ ತೊಟ್ಟಿ ಇರುತ್ತದೆ, ಇಂತಿಷ್ಟು ನೀರು ತುಂಬಿದ ಕೂಡಲೇ ವಾಲಿ ಸುರಿದು ಒಂದು ಎಣಿಕೆ ಕಳುಹಿಸುತ್ತದೆ. ಆಲಿಕೆ ಕಟ್ಟಿಕೊಂಡರೆ ನೀರು ತೊಟ್ಟಿಗೆ ತಲುಪುವುದೇ ಇಲ್ಲ. ಆಕಾಶ ಹರಿದು ಬಿದ್ದರೂ ಯಲಹಂಕಕ್ಕೆ ಹೋಗುವುದು ತುಂತುರು ಮಳೆಯ ಸುದ್ದಿ. ಮಳೆ ಮಾಪಕದ ಪಕ್ಕದಲ್ಲಿರುವ ಮರವೋ ಗೋಡೆಯೋ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು ಎಂಬುದು ಹಳೆಯ ನಿಯಮ. ಇಲ್ಲಿ ಕೈಚಾಚಿದರೆ ಮರ ಸಿಗುತ್ತಿತ್ತು.

ಎಲೆ ತೆಗೆಯಬೇಕಾದವರು ಯಾರು? ಕಚೇರಿಯಲ್ಲಿ ಕೇಳಿದರೆ "ಯಂತ್ರ ನಮ್ಮದಲ್ಲ ಅಮ್ಮ, ಮುಟ್ಟಿದರೆ ನಮ್ಮ ತಲೆಗೆ ಬರುತ್ತದೆ" ಎಂದರು. ಅವರ ಭಯವೂ ಸುಳ್ಳಲ್ಲ. ರಿಪೇರಿಗೆ ಬರುವ ತಂತ್ರಜ್ಞನನ್ನು ವಿಚಾರಿಸಿದರೆ, ಯಂತ್ರ ಸರಿ ಮಾಡುವುದು ತನ್ನ ಕೆಲಸ, ಮರ ಕಡಿಯುವುದು ತನ್ನ ಕೆಲಸವಲ್ಲ ಎಂದ. ಆತನ ಮಾತೂ ನ್ಯಾಯವೇ. ವಿಮೆಯ ಕಡೆಯವರು ತಮಗೆ ಬಂದ ಅಂಕಿಯ ಮೇಲೆ ಹಣ ಕೊಡುವುದಾಗಿ ಹೇಳಿದರು. ಕಾಗದದ ಮೇಲೆ ಅದೂ ಸರಿ. ಪ್ರತಿಯೊಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಿದ್ದರು, ಎಲೆ ಮಾತ್ರ ಅಲ್ಲಿಯೇ ಇತ್ತು. ಆ ವರ್ಷ ಕೊಳೆ ಬಡಿದ ತೋಟಗಳ ಮಾಲೀಕರಿಗೆ ಪಕ್ಕದ ಪಂಚಾಯಿತಿಗಿಂತ ತೀರಾ ಕಡಿಮೆ ಪರಿಹಾರ ಬಂತು. ಅವರಲ್ಲಿ ಅರ್ಧ ಎಕರೆಯ ಒಬ್ಬ ಹೆಂಗಸಿದ್ದಾರೆ, ಗಂಡನ ಔಷಧಿ ಖರ್ಚನ್ನು ಆ ಹಣದ ಮೇಲೆ ಅಂದಾಜು ಮಾಡಿಕೊಂಡಿದ್ದರು. ಅವರಿಗೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ನನಗೆ ಸಿಟ್ಟು ಬಂದದ್ದು ಯಾವೊಬ್ಬ ನೌಕರನ ಮೇಲೂ ಅಲ್ಲ. ಅಂಕಿಗೆ ವಾರಸುದಾರ ಇದ್ದಾನೆ, ಅಂಕಿ ಹುಟ್ಟುವ ಜಾಗಕ್ಕೆ ಇಲ್ಲ. ಈ ಏರ್ಪಾಡಿನ ಮೇಲೆ ನನ್ನ ಸಿಟ್ಟು.

ಹೀಗಾಗಿ ಈ ಸೇವೆಯಿಂದ ನಾನು ಇನ್ನೂ ಏನು ಬಯಸುತ್ತೇನೆ ಎಂಬುದನ್ನು ಹೇಳಿಬಿಡುತ್ತೇನೆ. ಪ್ರತಿ ಮಾಪಕದ ಕಂಬಕ್ಕೆ ಒಂದು ಫಲಕ ಇರಲಿ: ಯಂತ್ರಕ್ಕೆ ಯಾರು ಹೊಣೆ, ಜಾಗಕ್ಕೆ ಯಾರು ಹೊಣೆ, ದೂರು ಕೊಡಬೇಕಾದ ಹುದ್ದೆ ಯಾವುದು. ವ್ಯಕ್ತಿಯ ಹೆಸರು ಬೇಡ, ವರ್ಗಾವಣೆಯಾಗುತ್ತದೆ, ಹುದ್ದೆ ಸಾಕು. ಆಲಿಕೆ ಒರೆಸುವ, ಕೊಂಬೆ ಸವರುವ ಕೆಲಸ ಪಂಚಾಯಿತಿಯದು ಎಂದು ಸರ್ಕಾರವೇ ಬರೆದು ಕೊಡಲಿ, ಅದಕ್ಕೆ ನಾಲ್ಕು ಕಾಸು ಕೂಡ ಕೊಡಲಿ. ಬರವಣಿಗೆ ಇಲ್ಲದಿದ್ದರೆ ಯಾರೂ ಮುಟ್ಟುವುದಿಲ್ಲ, ಮುಟ್ಟಲೂಬಾರದು. ನಾನು ನೋಡುವ ದಿನದ ವರದಿಯಲ್ಲಿ ಅಂಕಿ ಇರುತ್ತದೆ, ಆ ಮಾಪಕವನ್ನು ಕೊನೆಯ ಬಾರಿ ಪರೀಕ್ಷಿಸಿದ ತಾರೀಖು ಇರುವುದಿಲ್ಲ. ಆ ತಾರೀಖು ಅಂಕಿಯ ಪಕ್ಕದಲ್ಲೇ ಬರಬೇಕು. ಮಳೆ ಬರಲಿಲ್ಲ ಎಂಬುದಕ್ಕೂ ಅಂಕಿ ಬರಲಿಲ್ಲ ಎಂಬುದಕ್ಕೂ ಬೇರೆ ಬೇರೆ ಗುರುತು ಎಲ್ಲ ಕಡೆಯೂ ಇರಬೇಕು. ಇನ್ನೊಂದು ಮಾತು: ವಾಲುವ ತೊಟ್ಟಿಯ ಮಾಪಕಗಳು ತೀರಾ ರಭಸದ ಮಳೆಯಲ್ಲಿ ಸ್ವಲ್ಪ ಕಡಿಮೆ ತೋರಿಸುತ್ತವೆ, ತೊಟ್ಟಿ ವಾಲುವ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಇದು ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ. ದಿನಕ್ಕೆ 204.4 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆ ಅತಿ ವಿಪರೀತ ಮಳೆ ಎನ್ನುತ್ತದೆ. ಆಗುಂಬೆಯ ನೆರೆಹೊರೆಯ ನಮಗೆ ಅದು ಅಪರೂಪದ ಅತಿಥಿಯಲ್ಲ. ಕಂತಿನ ಹಣ ಪಡೆದ ಮೇಲೆ ಮಲೆನಾಡಿನ ಮಾಪಕಗಳನ್ನು ಮಳೆಗಾಲಕ್ಕೆ ಮೊದಲು ತಪ್ಪದೆ ಅಳತೆ ಹಚ್ಚಿ ನೋಡುವುದು ಕನಿಷ್ಠ ಮರ್ಯಾದೆ.

ಹಳೆಯ ಅಂಕಿಗಳ ಬಗ್ಗೆ ಚಿಕ್ಕದಾಗಿ. ದೇಶದಲ್ಲಿ 2012ರಲ್ಲೇ ದತ್ತಾಂಶ ಹಂಚಿಕೆಯ ರಾಷ್ಟ್ರೀಯ ನೀತಿ ಬಂದಿದೆ. ನೀರಿನ ಅಂಕಿಗಳನ್ನೆಲ್ಲ ಒಂದೆಡೆ ತರಲೆಂದು 2018ರಲ್ಲಿ ರಾಷ್ಟ್ರೀಯ ಜಲ ಮಾಹಿತಿ ಕೇಂದ್ರ ಆಗಿದೆ, ಅದರ ಇಂಡಿಯಾ ವ್ರಿಸ್ ಜಾಲತಾಣದಲ್ಲಿ ಮಳೆ, ನದಿ, ಜಲಾಶಯ, ಅಂತರ್ಜಲ ಎಲ್ಲ ಸಿಗುತ್ತವೆ. ದೊಡ್ಡ ಚಿತ್ರ ಬೇಕಾದವರಿಗೆ ಅದು ಒಳ್ಳೆಯದು. ನಮಗೆ ಬೇಕಾದದ್ದು ನಮ್ಮ ಪಂಚಾಯಿತಿಯ ಮಳೆ, ದಿನವಾರು, ಮಾಪಕ ನಿಂತ ದಿನದಿಂದ ಇಂದಿನವರೆಗೆ, ಕಂಪ್ಯೂಟರಿನಲ್ಲಿ ಕೂಡಿಸಿ ಕಳೆಯಲು ಬರುವ ರೂಪದಲ್ಲಿ. ಊರಿನ ಹೈಸ್ಕೂಲಿನ ಮಕ್ಕಳು ಕೂಡ ಅದನ್ನು ಇಳಿಸಿಕೊಂಡು ನೋಡುವಂತಿರಬೇಕು. ಎಸ್ಟೇಟುಗಳ, ಮನೆಗಳ ಹಳೆಯ ಮಳೆ ಡೈರಿಗಳನ್ನು ಯಾರಾದರೂ ಜವಾಬ್ದಾರಿಯಿಂದ ತೆಗೆದುಕೊಳ್ಳುವುದಾದರೆ ಮಾವನವರದ್ದನ್ನು ನಾನು ಸಂತೋಷದಿಂದ ಕೊಡುತ್ತೇನೆ. ಆದರೆ ಯಾವ ಸಂಸ್ಥೆ, ಎಲ್ಲಿ ಇಡುತ್ತದೆ, ಯಾರು ಹೊಣೆ ಎಂಬುದು ಮೊದಲು ತಿಳಿಯಬೇಕು.

ಒಟ್ಟಿನಲ್ಲಿ, ಫೋನ್ ಸೇವೆಗೆ ನನ್ನಿಂದ ಪೂರ್ಣ ಅಂಕ. ಇನ್ನೂ ಬಳಸದ ಬೆಳೆಗಾರರು ಇವತ್ತೇ ಶುರುಮಾಡಿ. ಬಯಲಿನಲ್ಲಿ ದುಡಿಯುವವರು ಅದೇ ಕೇಂದ್ರದ ಸಿಡಿಲು ಆ್ಯಪನ್ನೂ ಹಾಕಿಕೊಳ್ಳಿ, ಗುಡುಗು ಹತ್ತಿರ ಬಂದದ್ದನ್ನು ತಿಳಿಸುತ್ತದೆ. ವಿಮೆ ಮಾಡಿಸುವವರಿಗೆ ಒಂದು ಸಲಹೆ: ಕಂತು ಕಟ್ಟುವ ದಿನವೇ ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ, ಬದಲಿ ಮಾಪಕ ಯಾವುದು ಎಂದು ಕೇಳಿ ರಸೀದಿಯ ಹಿಂದೆ ಬರೆದುಕೊಳ್ಳಿ. ಮೇ ತಿಂಗಳಲ್ಲಿ ಒಮ್ಮೆ ಹೋಗಿ ನೋಡಿ. ಮುಟ್ಟಬೇಡಿ, ಫೋಟೊ ತೆಗೆಯಿರಿ. ಕೊಂಬೆಯೋ ಎಲೆಯೋ ಕಂಡರೆ ಆ ಫೋಟೊ ಅಂಟಿಸಿ ಪಂಚಾಯಿತಿಗೆ ಒಂದು, ಕೃಷಿ ಅಥವಾ ತೋಟಗಾರಿಕೆ ಇಲಾಖೆಗೆ ಒಂದು, ಯಲಹಂಕಕ್ಕೆ ಒಂದು ಅರ್ಜಿ ಬರೆದು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ನಮ್ಮ ಸಂಘದ ಕಚೇರಿಯಲ್ಲಿ ಅಂಥ ಅರ್ಜಿಯ ನಮೂನೆ ಕನ್ನಡದಲ್ಲಿ ಸಿದ್ಧವಿದೆ. ಬೇಕಾದ ಸಂಘಗಳು ಕೇಳಿ ಪಡೆಯಬಹುದು.